ಬಕೆಟ್ಟಿಗೂ ಅಂಟು

ನಮ್ಮ ಊರಿನಲ್ಲಿ ಕೈಯಿಂದ ಯಾವ ವಸ್ತುವೂ ಆಗುವುದಿಲ್ಲ. ಸುತ್ತಿಗೆ ಎತ್ತಿ ಹೊಡೆದರೆ ಮೊಳೆ ಸೊಟ್ಟಗಾಗುತ್ತದೆ. ಸೂಜಿಗೆ ಪೋಣಿಸಿದ ದಾರ ಮೊದಲ ಹೊಲಿಗೆಯಲ್ಲೇ ಜಾರಿ ಹೊರಗೆ ಬರುತ್ತದೆ. ಗರಗಸ ಹಲಗೆಯ ಮೇಲೆ ಎಷ್ಟು ಓಡಾಡಿದರೂ ಒಂದು ಗೀರು ಮೂಡುವುದಿಲ್ಲ. ಅಡುಗೆ ಮಾತ್ರ ಆಗುತ್ತದೆ, ಪುಣ್ಯಕ್ಕೆ. ಉಳಿದದ್ದೆಲ್ಲ, ಕಸಬರಿಗೆಯಿಂದ ತೊಟ್ಟಿಲವರೆಗೆ, ಆಟದಲ್ಲೇ ಆಗಬೇಕು. ಊರಿನ ಎಲ್ಲರ ಫೋನಿನಲ್ಲೂ ಆ ಆಟ ಇದೆ, ಎಲ್ಲರೂ ಒಟ್ಟಿಗೆ ಆಡುವಂಥದ್ದು. ಅದರೊಳಗೆ ಒಂದು ಕಾಡು, ಒಂದು ಗಣಿ, ಒಂದು ಕೆರೆ, ನಡುವೆ ಒಂದು ಕಟ್ಟೆ. ಬೇಕಾದ ಸಾಮಾನುಗಳನ್ನೆಲ್ಲ ತಂದು ಆ ಕಟ್ಟೆಯ ಮೇಲಿಟ್ಟರೆ ಫೋನು ಒಮ್ಮೆ ಗುಂಯ್ ಅನ್ನುತ್ತದೆ. ಎದ್ದು ಹೋಗಿ ಬಾಗಿಲು ತೆಗೆದರೆ ಹೊಸ್ತಿಲಾಚೆ ಹೊಸ ಬಕೆಟ್ಟು ಕೂತಿರುತ್ತದೆ. ಮುಟ್ಟಿದರೆ ಆಗತಾನೆ ಒಲೆಯಿಂದ ಇಳಿಸಿದ ಪಾತ್ರೆಯಷ್ಟು ಬೆಚ್ಚಗಿರುತ್ತದೆ. ಬೇರೆ ಊರಿನ ನೆಂಟರು ಇದನ್ನು ಕಂಡು ಬಾಯಿ ಬಿಡುತ್ತಾರೆ. ನಮಗೆ ಅವರ ಊರಿನ ಕಥೆಯೇ ವಿಚಿತ್ರ. ಅಲ್ಲಿ ಒಬ್ಬನೇ ಮನುಷ್ಯ ಕೂತು ಇಡೀ ಕುರ್ಚಿ ಮಾಡಿಬಿಡುತ್ತಾನಂತೆ, ಯಾರನ್ನೂ ಒಂದು ಮಾತು ಕೇಳದೆ.

ನಾವು ಕೇಳಲೇಬೇಕು. ಆಟದಲ್ಲಿ ಒಬ್ಬೊಬ್ಬರಿಗೆ ಒಂದೊಂದೇ ಕೈಗುಣ. ಪಕ್ಕದ ಮನೆಯ ಗಿರಿಜಮ್ಮನಿಗೆ ಹುರಿ, ಎದುರು ಮನೆಯ ಚೆನ್ನವೀರಪ್ಪನವರಿಗೆ ತಗಡು, ನನಗೆ ಹಿಡಿ. ಬಕೆಟ್ಟಿನದೋ ಕೊಡೆಯದೋ ಬಾಗಿಲಿನದೋ, ಹಿಡಿ ಬೇಕಾದವರು ನನ್ನ ಬಳಿ ಬರಬೇಕು. ಮನೆಯಲ್ಲೇ ಕೂತು ಫೋನಿನಲ್ಲಿ ಕಳಿಸಿಬಿಡುವ ಹಾಗಿಲ್ಲ. ಕೊಡುವವರ ಫೋನೂ ಕೇಳುವವರ ಫೋನೂ ಒಂದೇ ಜಗುಲಿಯ ಮೇಲೆ ಅಕ್ಕಪಕ್ಕ ಇರಬೇಕು. ಕೇಳುವವರು ಮೊದಲು ‘ಬೇಕು’ ಒತ್ತಬೇಕು, ಆಮೇಲೆ ಕೊಡುವವರು ‘ಕೊಟ್ಟೆ’ ಒತ್ತಬೇಕು. ಕೇಳದವರಿಗೆ ಕೊಡಲು ಆಟ ಬಿಡುವುದಿಲ್ಲ. ಇಷ್ಟು ಆಟದ ನಿಯಮ. ಬಂದವರಿಗೆ ನೀರು ಬೆಲ್ಲ ಕೊಡುವುದು, ಫೋನು ಇಡಲು ಮಣೆ ಹಾಕುವುದು, ‘ಎಷ್ಟು ಬೇಕು?’ ಎಂದು ಬಾಯಿಬಿಟ್ಟು ಕೇಳುವುದು, ಇವೆಲ್ಲ ನಾವು ಸೇರಿಸಿಕೊಂಡದ್ದು. ಇಂದು ನಾನು ಹಿಡಿ ಕೊಟ್ಟರೆ ನಾಳೆ ನೀವು ಹುರಿ ಕೊಡುತ್ತೀರಿ, ಲೆಕ್ಕ ಯಾರೂ ಇಡುವುದಿಲ್ಲ. ಒಂದು ಕೊಡೆ ಬೇಕೆಂದರೆ ಅರ್ಧ ಊರು ಸುತ್ತಬೇಕು, ಆ ಅರ್ಧ ಊರಿನ ಮಂಡಿನೋವು, ಸೊಸೆಯ ದೂರು, ಮಗಳ ಬಾಣಂತನ ಎಲ್ಲ ಕೇಳಿಸಿಕೊಂಡು ಬರಬೇಕು.

ಯಾವ ವಸ್ತುವಿಗೆ ಏನೇನು ಬೇಕು ಎಂಬ ಸೂತ್ರಗಳನ್ನು ತಿದ್ದುವ ಅಧಿಕಾರ ನಮ್ಮ ಮನೆಯದು. ಅಪ್ಪನ ಹಳೆಯ ಫೋನಿನಲ್ಲಿ ಮಾತ್ರ ಆ ಪುಟ ತೆರೆಯುತ್ತದೆ. ಅಪ್ಪ ಬಹಳ ಕಾಲ ಆ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದರು. ಕೊನೆಯ ವರ್ಷಗಳಲ್ಲಿ ಮಾತ್ರ ಅವರಿಗೆ ಏನಾಯಿತೋ, ಸಿಕ್ಕಸಿಕ್ಕ ಸೂತ್ರಕ್ಕೆಲ್ಲ ಅಂಟು ಸೇರಿಸತೊಡಗಿದರು. ಮೊದಲು ಅಂಟು ಬೇಕಾಗಿದ್ದದ್ದು ಗಾಳಿಪಟಕ್ಕೆ, ಕಾಗದದ ಪೆಟ್ಟಿಗೆಗೆ, ಅಷ್ಟೇ. ಇದ್ದಕ್ಕಿದ್ದಂತೆ ಕಸಬರಿಗೆಗೂ ಅಂಟು, ಚಾಪೆಗೂ ಅಂಟು, ಬಕೆಟ್ಟಿಗೂ ಅಂಟು. ಒಮ್ಮೆಗೇ ಬೇಕಾದಷ್ಟು ತಂದಿಟ್ಟುಕೊಳ್ಳೋಣವೆಂದರೆ ಅದಕ್ಕೂ ಕಲ್ಲು ಹಾಕಿದರು. ಇಟ್ಟ ಅಂಟು ಎರಡು ದಿನದಲ್ಲಿ ಒಣಗಿಹೋಗುವ ಹಾಗೆ ಮಾಡಿದರು. ಊರು ನಕ್ಕಿತು, ಆಮೇಲೆ ಬೈಯಿತು. “ಮುದುಕನಿಗೆ ಅರಳು ಮರಳು” ಎಂದು ನನಗೆ ಕೇಳುವ ಹಾಗೆಯೇ ಅಂದರು. ನಾನು ಅಪ್ಪನನ್ನು ಕೇಳಿದೆ. “ತಗಡಿನ ಬಕೆಟ್ಟಿಗೆ ಅಂಟು ಯಾಕಪ್ಪ?” ಅವರು ಕನ್ನಡಕ ಒರೆಸಿಕೊಳ್ಳುತ್ತಾ, “ಇರಲಿ ಬಿಡು, ಗಟ್ಟಿಯಾಗಿರುತ್ತೆ” ಅಂದರು. ನನಗೆ ಅಪ್ಪನ ಬಗ್ಗೆ ನಾಚಿಕೆಯಾಯಿತು. ಅವರು ಬೀದಿಗೆ ಹೊರಟರೆ ನಾನು ಜೊತೆಗೆ ಹೋಗುವುದನ್ನು ಬಿಟ್ಟೆ.

ಇಡೀ ಊರಿಗೆ ಅಂಟಿನ ಕೈಗುಣ ಇದ್ದದ್ದು ವನಜಾಕ್ಷಿ ಒಬ್ಬಳಿಗೇ. ನನ್ನ ಕಷ್ಟ ಶುರುವಾಗುವುದು ಇಲ್ಲಿಂದ.

ವನಜ ನನ್ನ ಶಾಲೆಯ ಗೆಳತಿ. ಒಂದೇ ಬೆಂಚು, ಒಂದೇ ಬುತ್ತಿ. ನಮ್ಮ ಅಣ್ಣ ಪ್ರಹ್ಲಾದನಿಗೂ ಅವಳಿಗೂ ಮದುವೆ ಗೊತ್ತಾದಾಗ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಕುಣಿದವಳು ನಾನು. ಲಗ್ನಪತ್ರಿಕೆ ಹಂಚಿ ಆಗಿತ್ತು, ಅವಳ ಮನೆಯ ಮುಂದೆ ಚಪ್ಪರದ ಕಂಬವೂ ಎದ್ದಿತ್ತು. ಆಗ ಅಣ್ಣ, ಕೈಯಿಂದಲೇ ವಸ್ತು ಆಗುವ ಯಾವುದೋ ಊರಿಗೆ ಹೊರಟುಹೋದ. ಯಾರನ್ನೂ ಏನೂ ಕೇಳದೆ ಬದುಕಬೇಕೆಂದು ಅವನಿಗೆ ಆಸೆಯಂತೆ. ಅಲ್ಲೇ ಬೇರೆ ಮದುವೆಯಾಗಿದ್ದಾನೆಂಬ ಸುದ್ದಿಯೂ ಬಂತು. ವನಜ ಕದ ಹಾಕಿಕೊಂಡು ಒಳಗೆ ಕೂತಳು. ಆಮೇಲೆ ಸ್ವಲ್ಪ ಸಮಯಕ್ಕೆ ಊರಿನ ಸೂತ್ರಗಳಲ್ಲೆಲ್ಲ ಅಂಟು ಬಂತು, ಅವಳ ಜಗುಲಿಯ ಮೇಲೆ ಜನ ಬಂದರು, ಅವಳೂ ಹೊರಗೆ ಬಂದಳು. ಈ ಎರಡನ್ನೂ ಸೇರಿಸಿ ನೋಡಲು ದೊಡ್ಡ ಬುದ್ಧಿ ಬೇಕಾಗಿರಲಿಲ್ಲ. ನನಗೆ ಅಷ್ಟೂ ಇರಲಿಲ್ಲ.

ಮನೆಯಲ್ಲಿ ಏನೇ ಮುರಿದರೂ ಅವಳ ಹತ್ತಿರ ಅಂಟು ಕೇಳಲು ಹೋಗಬೇಕಿತ್ತು. ಅಮ್ಮ ಮೊದಲೇ ಕೈ ಎತ್ತಿಬಿಟ್ಟರು. “ನನಗೆ ಆ ಹುಡುಗಿ ಮುಖ ನೋಡೋಕಾಗಲ್ಲ ಕಣೆ, ನೀನೇ ಹೋಗು.” ನನಗೇನು ಆಗುತ್ತಿತ್ತೇ? ಹೋಗಿ ಜಗುಲಿಯ ತುದಿಯಲ್ಲಿ ಅರ್ಧ ಕೂತ ಹಾಗೆ ಕೂರುತ್ತಿದ್ದೆ. ಅವಳು ನೀರು ಬೆಲ್ಲ ತಂದಿಟ್ಟು ಮಣೆ ಸರಿಸುತ್ತಿದ್ದಳು. “ಎಷ್ಟು ಬೇಕು?” ಅನ್ನುತ್ತಿದ್ದಳು. ನಾನು ನೆಲದ ಮೇಲಿನ ರಂಗೋಲಿಯ ಎಳೆ ನೋಡುತ್ತಾ, “ಜಾಸ್ತಿನೇ ಕೊಡು” ಅನ್ನುತ್ತಿದ್ದೆ. ಒಣಗುತ್ತದೆಂದು ಗೊತ್ತಿದ್ದರೂ ಮತ್ತೊಮ್ಮೆ ಬರುವುದು ತಪ್ಪಲಿ ಎಂಬ ಆಸೆ. ಅವಳು ಕೇಳಿದ್ದಕ್ಕಿಂತ ಒಂದಿಷ್ಟು ಹೆಚ್ಚಾಗಿಯೇ ಕೊಡುತ್ತಿದ್ದಳು. ಒಂದು ಸಲವಾದರೂ ಇಲ್ಲ ಅಂದಿದ್ದರೆ, ಒಂದು ಸಲ ಅಣ್ಣನ ಹೆಸರೆತ್ತಿ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ. ನಾನು ನೀರು ಮುಗಿಸಿ, ಫೋನು ಎತ್ತಿಕೊಂಡು, ಬೀದಿಯ ತಿರುವಿನವರೆಗೂ ಉಸಿರು ಬಿಗಿಹಿಡಿದು ನಡೆಯುತ್ತಿದ್ದೆ.

ಅಪ್ಪ ತೀರಿಕೊಂಡ ಮೇಲೆ ಫೋನು ನನ್ನ ಕೈಗೆ ಬಂತು. ಹದಿನೈದು ದಿನ ಕಳೆದಿತ್ತೋ ಇಲ್ಲವೋ, ಊರಿನ ಸಮಿತಿಯ ಅಧ್ಯಕ್ಷರಾದ ಚೆನ್ನವೀರಪ್ಪನವರು ಬಂದು ಕೂತರು. “ನಿಮ್ಮ ತಂದೆ ದೊಡ್ಡೋರು, ಅವರ ಬಗ್ಗೆ ನಾನು ಮಾತಾಡಲ್ಲ. ಆದ್ರೆ ತಾಯಿ, ಒಂದು ಪೊರಕೆಗೆ ಐದು ಮನೆ ಹತ್ತಿಳೀಬೇಕು ಅಂದ್ರೆ ಹೆಂಗೆ? ಸ್ವಲ್ಪ ಸರಳ ಮಾಡು. ಈಗಿನ ಕಾಲದ ಹುಡುಗಿ ನೀನು” ಅಂದರು. ಅವರು ಹೋದ ಮೇಲೆ ಅಮ್ಮ ಒಡೆದ ಬಕೆಟ್ಟನ್ನು ನನ್ನ ಮುಂದೆ ತಂದಿಟ್ಟರು. “ಇದಕ್ಕೂ ಅಂಟು ಬೇಕು. ಹೋಗ್ತೀಯೋ, ಇಲ್ಲಾ ಆ ಫೋನಲ್ಲೇ ಏನಾದ್ರೂ ಮಾಡ್ತೀಯೋ?” ಎಂದು ಕೇಳಿದರು.

ನಾನು ಬಕೆಟ್ಟಿನ ಸೂತ್ರ ತೆರೆದೆ. ತಗಡು, ಮೊಳೆ, ಹಿಡಿ, ಅಂಟು. ಅಂಟಿನ ಮೇಲೆ ಬೆರಳಿಟ್ಟು ಅಳಿಸಿದೆ. ಉಳಿದ ಮೂರನ್ನು ಕಟ್ಟೆಯ ಮೇಲಿಟ್ಟೆ. ಫೋನು ಗುಂಯ್ ಅಂದಿತು. ಹೊಸ್ತಿಲಾಚೆ ಬಂದ ಬಕೆಟ್ಟಿಗೆ ನೀರು ತುಂಬಿಸಿ ಸಂಜೆಯವರೆಗೂ ಕಾದೆ. ಒಂದು ಹನಿ ಸೋರಲಿಲ್ಲ. ಅಂಟು ಇಲ್ಲದೆಯೂ ಬಕೆಟ್ಟು ಬಕೆಟ್ಟೇ ಆಗಿತ್ತು. ನಾನೂ ಅಮ್ಮನೂ ಅದರ ಸುತ್ತ ನಿಂತು, ಏನೋ ಗಂಡಾಂತರ ಕಳೆದವರ ಹಾಗೆ ನಕ್ಕೆವು. ಆ ವಾರದಲ್ಲೇ ಕಸಬರಿಗೆ, ಚಾಪೆ, ಮೊರ, ಕೊಡೆ ಎಲ್ಲದರಿಂದಲೂ ಅಂಟನ್ನು ತೆಗೆದುಹಾಕಿದೆ. ಗಾಳಿಪಟಕ್ಕಾದರೂ ಇರಲಿ ಎಂದು ಒಂದು ಗಳಿಗೆ ಯೋಚಿಸಿದೆ. ಅದಕ್ಕೂ ಬೇಡವೆಂದು ಗೊತ್ತಾದ ಮೇಲೆ ಅಲ್ಲಿಂದಲೂ ತೆಗೆದೆ.

ಊರಿಗೆ ಹಬ್ಬವಾಯಿತು. ಆ ಹುರುಪಿನಲ್ಲಿ ಇನ್ನೂ ಒಂದಿಷ್ಟು ಸರಳ ಮಾಡಿದೆ. ಕೊಡೆಗೆ ಮೇಣ ಬೇಡ, ಚಾಪೆಗೆ ಬಣ್ಣ ಬೇಡ. ಮೇಣದವರಿಗೂ ಬಣ್ಣದವರಿಗೂ ಬೇರೆ ಸೂತ್ರಗಳಲ್ಲಿ ಜಾಗವಿತ್ತು, ಅವರು ಗೊಣಗಿ ಸುಮ್ಮನಾದರು. ಹಿಡಿಗೆ ಮಾತ್ರ ನಾನು ಕೈ ಹಚ್ಚಲಿಲ್ಲ. “ಮೊರಕ್ಕೆ ಹಿಡಿ ಯಾಕಮ್ಮ, ಅಂಚೇ ಇದೆಯಲ್ಲ?” ಎಂದು ಸಮಿತಿಯಲ್ಲಿ ಯಾರೋ ಕೇಳಿದಾಗ, “ಹಿಡಿ ಇಲ್ಲದಿದ್ದರೆ ಅಳತೆ ಕೆಡುತ್ತೆ” ಎಂದು ಬಾಯಿಗೆ ಬಂದದ್ದು ಹೇಳಿದೆ. ಸೂತ್ರದವಳು ಹೇಳಿದ ಮೇಲೆ ಮುಗಿಯಿತು, ಎಲ್ಲರೂ ತಲೆಯಾಡಿಸಿದರು. ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ನನಗೆ ಸನ್ಮಾನ ಮಾಡಿದರು. ಶಾಲೆಯ ಅಂಗಳದಲ್ಲಿ ವೇದಿಕೆ, ಶಾಲು, ಹಣ್ಣಿನ ಬುಟ್ಟಿ, ತಲೆಗೆ ಒಂದು ಪೇಟ, ಅದೂ ಕಿವಿ ಮುಚ್ಚುವಷ್ಟು ದೊಡ್ಡದು. ಚೆನ್ನವೀರಪ್ಪನವರು ಮೈಕು ಹಿಡಿದು, “ಈ ಶಾಲಿಗೆ ಎರಡೇ ಸಾಮಾನು ಹಿಡಿದಿದೆ ಮಹನೀಯರೆ, ಮೊದಲು ಆರು ಹಿಡೀತಿತ್ತು” ಎಂದಾಗ ಜನ ಚಪ್ಪಾಳೆ ತಟ್ಟಿದರು. ಕೊನೆಯ ಸಾಲಿನಲ್ಲಿ ವನಜ ಕೂತಿದ್ದಳು. ಅವಳೂ ತಟ್ಟಿದಳು. ಸುಮ್ಮನೆ ತೋರಿಕೆಗಲ್ಲ, ಎಲ್ಲರೂ ನಿಲ್ಲಿಸುವವರೆಗೂ ತಟ್ಟಿದಳು. ನಾನು ಪೇಟವನ್ನು ಸರಿಮಾಡಿಕೊಳ್ಳುವ ನೆವದಲ್ಲಿ ಮುಖ ಮುಚ್ಚಿಕೊಂಡೆ.

ಆಮೇಲೆ ಅವಳ ಬೀದಿಯಲ್ಲಿ ಓಡಾಟ ನಿಂತಿತು. ಯಾರಿಗೂ ಅವಳ ಮೇಲೆ ಸಿಟ್ಟಿಲ್ಲ, ತಾತ್ಸಾರವೂ ಇಲ್ಲ. ಕೆಲಸವಿಲ್ಲ, ಅಷ್ಟೇ. ಮೊದಲು ದಿನಕ್ಕೊಮ್ಮೆ ಅವಳ ಜಗುಲಿಯಲ್ಲಿ ಕೂತು ಹರಟುತ್ತಿದ್ದ ಗಿರಿಜಮ್ಮನನ್ನು, “ವನಜ ಹೇಗಿದ್ದಾಳೆ?” ಎಂದು ಕೇಳಿದೆ. ಗಿರಿಜಮ್ಮ ಫೋನಿನಲ್ಲಿ ಹುರಿ ಸುತ್ತುತ್ತಿದ್ದ ಕೈ ನಿಲ್ಲಿಸಿ, “ಅಯ್ಯೋ, ನೋಡಿ ಎಷ್ಟು ದಿನ ಆಯ್ತೋ. ಆ ಕಡೆ ಹೋಗೋ ಪ್ರಸಂಗನೇ ಬರಲಿಲ್ಲ ನೋಡು. ಚೆನ್ನಾಗೇ ಇರ್ತಾಳೆ ಬಿಡು” ಅಂದರು. ನಾನೂ ಹಾಗೆಯೇ ಅಂದುಕೊಂಡೆ. ನಿಜ ಹೇಳಬೇಕೆಂದರೆ, ಆ ಬೇಸಿಗೆ ನಾನು ತುಂಬ ಸುಖವಾಗಿದ್ದೆ. ಯಾರ ಮುಂದೆಯೂ ನೆಲ ನೋಡುತ್ತಾ ಕೂರಬೇಕಾಗಿರಲಿಲ್ಲ.

ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಅವಳನ್ನು ಕಂಡೆ. ಬಕೆಟ್ಟಿಗೆ ನೀರು ತುಂಬಿಸಿಕೊಂಡು ಹೊರಟಿದ್ದಳು. ಬಕೆಟ್ಟಿನ ಹಿಡಿ ಕಿತ್ತುಹೋಗಿತ್ತು. ತುಂಬಿದ ಬಕೆಟ್ಟನ್ನು ಮಗುವನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಿಂದ ಎದೆಗೆ ಅವಚಿಕೊಂಡು, ಹೆಜ್ಜೆ ಹೆಜ್ಜೆಗೂ ನೀರು ಚೆಲ್ಲಿಸಿಕೊಳ್ಳುತ್ತಾ ನಡೆಯುತ್ತಿದ್ದಳು. ಸೆರಗು, ನೆರಿಗೆ ಎಲ್ಲ ಒದ್ದೆ. ಸಾಲಿನಲ್ಲಿ ನಿಂತ ಹೆಂಗಸರು ದಾರಿ ಬಿಟ್ಟರು. ಅವಳು ನನ್ನನ್ನು ನೋಡಿದಳು, ಒಂದಿಷ್ಟು ನಕ್ಕಳು, ಮುಂದೆ ಹೋದಳು. ಹಿಡಿಯ ಕೈಗುಣ ಇರುವವಳು ನಾನು, ಅವಳಿಗೂ ಗೊತ್ತು. ನನ್ನ ಮನೆ ನಲ್ಲಿಯಿಂದ ನಾಲ್ಕು ಹೆಜ್ಜೆ. ಆದರೆ ನಮ್ಮ ಊರಿನಲ್ಲಿ ಕೊಡಲು ಏನೂ ಇಲ್ಲದವರು ಕೇಳಲು ಹೋಗುವುದಿಲ್ಲ. ಹಾಗೆಂದು ಯಾರೂ ನಿಯಮ ಮಾಡಿಲ್ಲ. ಅವಳ ಅಂಟನ್ನು ಯಾರಿಗೂ ಬೇಡವಾದದ್ದನ್ನಾಗಿ ಮಾಡಿದವಳು ನಾನೇ, ಈಗ ಅವಳು ಯಾವ ಮುಖ ಹೊತ್ತು ಯಾರ ಜಗುಲಿ ಹತ್ತಬೇಕು? ನನ್ನ ಕೊಡ ತುಂಬಿ ಹರಿಯುತ್ತಿತ್ತು. ಹಿಂದಿನವರು, “ಕೊಡ ತೆಗೀರಿ ಮಂದಾಕಿನಿ” ಎಂದು ಎರಡು ಸಲ ಹೇಳಬೇಕಾಯಿತು.

ಅಂದೇ ಮಧ್ಯಾಹ್ನ ಅವಳ ಮನೆಗೆ ಹೋದೆ. ಬೀದಿಯ ತಿರುವಿನಲ್ಲಿ ಎರಡು ಸಲ ಹಿಂದಕ್ಕೆ ತಿರುಗಿದೆ. ಅವಳ ಜಗುಲಿಯಲ್ಲಿ ಮಣೆ ಗೋಡೆಗೆ ಒರಗಿಸಿಟ್ಟಿತ್ತು, ಅದರ ಮೇಲೆ ಧೂಳು. ಬಕೆಟ್ಟು ಬೋರಲಾಗಿ ಮೂಲೆಯಲ್ಲಿತ್ತು. ಅವಳು ಬಾಗಿಲಿಗೆ ಬಂದು, ಆಶ್ಚರ್ಯವನ್ನು ಮುಚ್ಚಿಕೊಂಡು, “ಬಾ ಮಂದಾ” ಅಂದಳು. ನೀರು ಬೆಲ್ಲ ತಂದಳು. ನಾನು ಫೋನನ್ನು ಜಗುಲಿಯ ಮೇಲಿಟ್ಟು, “ಒಂದು ಹಿಡಿ ತಂದಿದೀನಿ. ಬಕೆಟ್ಟಿಗೆ. ನೀನು ‘ಬೇಕು’ ಒತ್ತು, ಸಾಕು” ಅಂದೆ.

ಅವಳು ತನ್ನ ಫೋನನ್ನು ಹೊರಗೆ ತರಲಿಲ್ಲ. “ಬದಲಿಗೆ ಏನು ಕೊಡಲಿ? ನನ್ನ ಹತ್ರ ಇರೋದು ಅಂಟು ಒಂದೇ.”

“ಏನೂ ಬೇಡ ವನಜ.”

“ಏನೂ ಬೇಡ ಅನ್ನೋರ ಹತ್ರ ಕೇಳೋದು ಕಷ್ಟ ಕಣೆ. ನಿನಗೆ ಗೊತ್ತಿರಬೇಕು” ಅಂದಳು. ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ. ನನಗೇ ಚುಚ್ಚಿತು.

ಆಮೇಲೆ ಅವಳು ಎದುರಿನ ಕಂಬ ತೋರಿಸಿ, “ನಿಮ್ಮಪ್ಪ ಅಲ್ಲೇ ಒರಗಿ ಕೂತಿದ್ರು” ಅಂದಳು. ಯಾವಾಗ ಎಂದು ಕೇಳಿದೆ. “ಮದುವೆ ಮುರಿದ ಮೇಲೆ. ನಾನು ಕದ ಹಾಕ್ಕೊಂಡಿದ್ದೆನಲ್ಲ, ಆಗ ಯಾರೂ ಬರ್ತಿರಲಿಲ್ಲ. ತಪ್ಪು ತಿಳೀಬೇಡ, ಕೆಟ್ಟತನ ಅಲ್ಲ. ಬಂದು ಏನು ಮಾತಾಡೋದು ಅಂತ ಎಲ್ಲರಿಗೂ ಮುಜುಗರ. ನಿಮ್ಮಪ್ಪ ಒಬ್ರು ಬಂದ್ರು. ‘ಕ್ಷಮಿಸು ಅಂತ ಕೇಳೋ ಯೋಗ್ಯತೆ ನನಗಿಲ್ಲ ಕಣಮ್ಮ. ಆದ್ರೆ ಊರನ್ನ ನಿನ್ನ ಜಗುಲಿಗೆ ಕಳಿಸ್ತೀನಿ. ಮಾತಾಡೋಕೆ ನೆವ ಇಲ್ಲದೆ ಜನ ದೂರ ಆಗ್ತಾರೆ, ನೆವ ನಾನು ಕೊಡ್ತೀನಿ’ ಅಂದ್ರು. ಬೇಡ ಅಂದೆ. ಕರುಣೆಗೆ ಬರೋ ಜನ ನನಗೆ ಬೇಡ ಅಂದೆ. ‘ಯಾರಿಗೂ ಗೊತ್ತಾಗಲ್ಲ, ಬೈದ್ರೆ ನನ್ನನ್ನ ಬೈತಾರೆ’ ಅಂತ ನಕ್ರು. ಎಂಟು ದಿನಕ್ಕೆ ಬಕೆಟ್ಟಿಗೆ ಅಂಟು ಬಂತು.”

ಕೈಯಲ್ಲಿದ್ದ ಬೆಲ್ಲವನ್ನು ಲೋಟದ ಪಕ್ಕಕ್ಕಿಟ್ಟೆ. ಅಪ್ಪ ಕನ್ನಡಕ ಒರೆಸಿಕೊಂಡದ್ದು ನೆನಪಾಯಿತು. ಅವರ ಜೊತೆ ನಡೆಯಲು ನಾಚಿ ನಾನು ಬೀದಿಯ ಇನ್ನೊಂದು ಬದಿಗೆ ಸರಿಯುತ್ತಿದ್ದದ್ದು ನೆನಪಾಯಿತು. ಅವರಿಗೆ ಅದು ಕಂಡಿರಬೇಕು. ಕಂಡೂ ಏನೂ ಹೇಳಲಿಲ್ಲ, ಹೇಳಿದರೆ ವನಜಳ ಗುಟ್ಟು ಹೊರಗೆ ಬೀಳುತ್ತಿತ್ತು.

“ಆಮೇಲೆ ನಾನು ಕೇಳಿದೆ” ಎಂದು ವನಜ ಮುಂದುವರಿಸಿದಳು. “ಹಾಗೆ ಮಾಡಿದ್ರೆ ನಿಮ್ಮ ಮನೆಯವರೂ ಇಲ್ಲಿಗೆ ಬರಬೇಕಾಗುತ್ತಲ್ಲ ಅಂತ. ‘ಬರಲಿ ಅಂತಲೇ. ನಮ್ಮ ಮಂದಾ ಬರಬೇಕು’ ಅಂದ್ರು. ನೀನು ಬಂದೆ, ಇಲ್ಲ ಅನ್ನಲ್ಲ. ಎಷ್ಟು ವರ್ಷ ಬಂದೆ. ನಿಮ್ಮಣ್ಣ ಹೋಗಿದ್ದಕ್ಕೆ ನಾನು ಒಂದು ಮಳೆಗಾಲ ಅತ್ತೆ, ಮುಗೀತು. ನೀನು ಇಲ್ಲೇ ಕೂತು, ನನ್ನ ಮುಖ ನೋಡದೆ, ಜಾಸ್ತಿ ಕೊಡು ಅಂತಿದ್ದೆಯಲ್ಲ, ಅದು ಮುಗೀಲಿಲ್ಲ ನನಗೆ. ಯಾಕೆ ಅಂತ ಗೊತ್ತಾಗ್ತಿತ್ತು. ಮತ್ತೆ ಬರೋದು ತಪ್ಪಲಿ ಅಂತ.”

ನಾನು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ. ಕಣ್ಣು ಒರೆಸಿಕೊಂಡು, ಇವತ್ತೇ ಎಲ್ಲ ಸೂತ್ರಕ್ಕೂ ಅಂಟನ್ನು ವಾಪಸು ಹಾಕುತ್ತೇನೆ ಅಂದೆ. ಅವಳು ಕೈ ಅಡ್ಡ ಹಿಡಿದಳು. “ಬೇಡ. ಆಗ ಯಾರಿಗೂ ಗೊತ್ತಿರಲಿಲ್ಲ. ನಿಮ್ಮಪ್ಪನಿಗೆ ಹುಚ್ಚು ಅಂದುಕೊಂಡು ಬರ್ತಿದ್ರು, ನನ್ನನ್ನ ಪಾಪ ಅಂದುಕೊಂಡಲ್ಲ. ಈಗ ಅಂಟಿಲ್ಲದೆ ಬಕೆಟ್ಟು ಆಗುತ್ತೆ ಅಂತ ಊರಿಗೆಲ್ಲ ಗೊತ್ತು. ಮತ್ತೆ ಹಾಕಿದ್ರೆ ‘ವನಜಾಕ್ಷಿಗೋಸ್ಕರ’ ಅಂತ ಬರ್ತಾರೆ. ಹಾಗೆ ಬಂದೋರಿಗೆ ನಾನು ನೀರು ಕೊಡೋಕಾಗಲ್ಲ ಮಂದಾ.” ಎದ್ದು ಲೋಟ ತೆಗೆದುಕೊಂಡು ಒಳಗೆ ಹೋದಳು. ನನ್ನ ಫೋನಿನಲ್ಲಿ ಹಿಡಿ ಹಾಗೆಯೇ ಉಳಿಯಿತು.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ ಬಹಳ ಹೊತ್ತು ಅಪ್ಪನ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. “ನನಗೂ ಹೇಳಲಿಲ್ಲ ನೋಡು” ಅಂದರು. ಆಮೇಲೆ, “ನಾನು ಒಂದು ದಿನಾನೂ ಹೋಗಲಿಲ್ಲವಲ್ಲೇ” ಅಂದರು. ಸರಳ ಮಾಡಿದ ಸೂತ್ರಗಳನ್ನೆಲ್ಲ ತೆರೆದು ನೋಡಿದೆ. ಎಲ್ಲವೂ ಸರಿಯಾಗಿಯೇ ಇದ್ದವು. ಒಂದರಲ್ಲೂ ತಪ್ಪು ಹುಡುಕಲು ನನಗೆ ಆಗಲಿಲ್ಲ. ಒಂದು ಬಕೆಟ್ಟಾದರೂ ಸೋರಿದ್ದರೆ, ಒಂದು ಕೊಡೆಯಾದರೂ ಕಳಚಿಕೊಂಡಿದ್ದರೆ ನೆವವಾಗುತ್ತಿತ್ತು. ಊರು ಸುಖವಾಗಿತ್ತು. ಮೊರದ ಹಿಡಿಯನ್ನು ಮಾತ್ರ ಅಳಿಸಿದೆ. ಮಾರನೆಯ ದಿನ ಮೊರ ಹಿಡಿಯಿಲ್ಲದೆ ಬಂತು, ಯಾರ ಅಳತೆಯೂ ಕೆಡಲಿಲ್ಲ.

ಅದಾಗಿ ಎರಡು ದಿನ ನಾನು ನಲ್ಲಿಗೆ ಹೋಗಲಿಲ್ಲ. ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಅವಳು ಬಕೆಟ್ಟು ಅವಚಿಕೊಂಡು ಹೋಗುವುದನ್ನು ನೋಡುವುದು, ಆಮೇಲೆ ಕಿಟಕಿ ಹಾಕುವುದು. ಕಿಟಕಿ ಹಾಕುವಾಗ ನನಗೇ ಹೇಸಿಗೆಯಾಯಿತು. ಮತ್ತೆ ಅದೇ ಕೆಲಸ, ಅವಳ ಮುಖ ತಪ್ಪಿಸಲು ನೂರು ಉಪಾಯ. ಮೊದಲು ಸೂತ್ರ ತಿದ್ದಿದೆ, ಈಗ ಕಿಟಕಿ ಹಾಕಿದೆ. ಸೀರೆ ಬದಲಿಸದೆ, ತಲೆಯನ್ನೂ ಬಾಚದೆ, ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಬೀದಿಯಲ್ಲಿ ಗಿರಿಜಮ್ಮ, “ಎಲ್ಲಿಗೆ?” ಅಂದರು. “ವನಜಳ ಮನೆಗೆ, ಅಂಟಿಗೆ” ಅಂದೆ. “ಅಂಟಿಗಾ? ಈಗ್ಯಾವುದಕ್ಕೆ ಅಂಟು?” ಎಂದು ಅವರು ನಕ್ಕರು. ಎದುರು ಜಗುಲಿಯಲ್ಲಿ ಕೂತಿದ್ದ ಚೆನ್ನವೀರಪ್ಪನವರಿಗೂ ಕೇಳಿಸಿತು. “ಅಪ್ಪನ ಹಾಗೆ ಮಗಳಿಗೂ ಶುರುವಾಯ್ತೇನೋ” ಎಂದು ಅವರು ಮೆಲ್ಲಗೆ ಅಂದದ್ದು ನನಗೆ ಸರಿಯಾಗಿಯೇ ಕೇಳಿತು. ಮೊದಲು ಈ ಮಾತಿಗೆ ನಾನು ಭೂಮಿಗಿಳಿದು ಹೋಗುತ್ತಿದ್ದೆ. ಅಂದೂ ಮುಖ ಬಿಸಿಯಾಯಿತು. ನಡೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

ವನಜ ಜಗುಲಿ ಗುಡಿಸುತ್ತಿದ್ದಳು. ನನ್ನನ್ನು ಕಂಡು ಕಸಬರಿಗೆ ಹಿಡಿದುಕೊಂಡೇ ನಿಂತಳು. ನಾನು ಮೆಟ್ಟಿಲು ಹತ್ತಿ, ಗೋಡೆಗೆ ಒರಗಿಸಿದ್ದ ಮಣೆಯನ್ನು ನಾನೇ ತೆಗೆದು, ಸೆರಗಿನಿಂದ ಧೂಳು ಒರೆಸಿ ಕೆಳಗಿಟ್ಟೆ. ಅದರ ಮೇಲೆ ನನ್ನ ಫೋನಿಟ್ಟು, ‘ಬೇಕು’ ಒತ್ತಿದೆ.

“ಏನಿದು?” ಅಂದಳು.

“ಅಂಟು ಬೇಕು.”

“ಯಾವುದಕ್ಕೆ? ಈಗ ಯಾವುದಕ್ಕೂ ಬೇಡವಲ್ಲ. ದಾನ ಮಾಡೋಕೆ ಬಂದ್ಯಾ?”

“ದಾನ ಅಲ್ಲ. ನನಗೆ ಇಲ್ಲಿ ಕೂತ್ಕೋಬೇಕು, ವನಜ. ಸುಮ್ಮನೆ ಬಂದು ಕೂತ್ಕೊಳ್ಳೋ ಮುಖ ನನಗಿಲ್ಲ. ಅಂಟು ಕೇಳೋಕೆ ಅಂತಾದ್ರೆ ಕೂತ್ಕೋಬಹುದು.” ಇಷ್ಟನ್ನು ಅವಳ ಮುಖ ನೋಡಿಕೊಂಡೇ ಹೇಳಿದೆ. ಅವಳ ಹಣೆಯ ಪಕ್ಕದಲ್ಲಿ ನರೆ ಬಂದಿರುವುದು ನನಗೆ ಅಂದೇ ತಿಳಿದದ್ದು. “ಅಣ್ಣ ಮಾಡಿದ್ದಕ್ಕೆ ನಾನು ಏನೂ ಹೇಳಲಾರೆ. ನಾನು ಮಾತು ಬಿಟ್ಟದ್ದು ನನ್ನ ತಪ್ಪು.”

“ತಗೊಂಡು ಹೋಗಿ ಏನು ಮಾಡ್ತೀಯ?”

“ಫೋನಲ್ಲೇ ಇಟ್ಕೋತೀನಿ. ಒಣಗುತ್ತೆ.”

“ಊರು ನಗುತ್ತೆ.”

“ಅಪ್ಪನಿಗೂ ನಕ್ಕಿತ್ತು.”

ಅವಳು ಕಸಬರಿಗೆಯನ್ನು ಮೂಲೆಗಿಟ್ಟಳು, ಆ ಬೋರಲು ಬಕೆಟ್ಟಿನ ಪಕ್ಕದಲ್ಲಿ. ಬಕೆಟ್ಟಿನ ಕಡೆ ನಾನು ನೋಡಿದ್ದನ್ನು ಅವಳು ನೋಡಿದಳು. ಹಿಡಿಯ ಮಾತು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದು ಅವಳಿಗೆ ಕೇಳಬೇಕೆನಿಸಿದ ದಿನ ಕೇಳುತ್ತಾಳೆ, ಕೇಳದೆಯೂ ಇರಬಹುದು. ಒಳಗೆ ಹೋದಳು. ಕದ ಹಾಕಿಕೊಳ್ಳುತ್ತಾಳೇನೋ ಎಂದು ಬಾಗಿಲನ್ನೇ ನೋಡಿದೆ. ಸ್ವಲ್ಪ ಹೊತ್ತಿಗೆ ಬಳೆಯ ಸದ್ದು ಕೇಳಿಸಿತು. ಒಂದು ಕೈಯಲ್ಲಿ ನೀರು ಬೆಲ್ಲ, ಇನ್ನೊಂದು ಕೈಯಲ್ಲಿ ಫೋನು ಹಿಡಿದುಕೊಂಡು ಬಂದು, ಮಣೆಯ ಮೇಲೆ ನನ್ನ ಫೋನಿನ ಪಕ್ಕಕ್ಕೆ ತನ್ನದನ್ನು ಇಟ್ಟಳು. ನಾನು ಜಗುಲಿಯ ತುದಿಯಿಂದ ಒಳಕ್ಕೆ ಸರಿದು, ಅಪ್ಪ ಒರಗಿದ್ದ ಕಂಬಕ್ಕೆ ಬೆನ್ನು ಕೊಟ್ಟು ಕೂತೆ.

“ಎಷ್ಟು ಬೇಕು?” ಅಂದಳು.

“ಸ್ವಲ್ಪ ಸಾಕು” ಅಂದೆ. “ನಾಳೆ ಮತ್ತೆ ಬರಬೇಕಲ್ಲ.”